ತೆಂಕಾರಾಗೆ ಹೋಗುವಾಗ ಚೀಲದಲ್ಲಿ ಏನೇನ್ ಇಟ್ಕೋತೀರಾ? ನಂದು 5 ಕೆಜಿ ದಾಟಿದೆ

ಒಕುತಾಮಾ_ಪ್ಯಾಸೆಂಜರ್
ಎಲ್ಲರಿಗೂ ನಮಸ್ಕಾರ. ಊರು ಕಡೂರು, ಈಗ ಇರೋದು ಸೈತಾಮಾದಲ್ಲಿ. ಎರಡು ಸೀಸನ್ನಿಂದ ತೆಂಕಾರಾ ಹಿಡ್ಕೊಂಡಿದೀನಿ. ಗೊತ್ತಿಲ್ದೇ ಇರೋರಿಗೆ ಹೇಳ್ಬೇಕಂದ್ರೆ ಇದು ಜಪಾನಿನ ಬೆಟ್ಟದ ತೊರೆಗಳಲ್ಲಿ ಇವಾನಾ, ಯಮಾಮೆ ಮೀನು ಹಿಡಿಯೋ ಹಳೇ ಪದ್ಧತಿ. ರೀಲ್ ಇರಲ್ಲ. ಉದ್ದ ಕೋಲು, ಅದರ ತುದಿಗೆ ಕಟ್ಟಿದ ಲೈನು, ಲೈನಿನ ಕೊನೇಲಿ ನೂಲು ಗರಿ ಸುತ್ತಿ ಹುಳದ ಥರ ಮಾಡಿರೋ ಕೊಕ್ಕೆ, ಅದಕ್ಕೆ ಕೆಬಾರಿ ಅಂತಾರೆ. ಮುಗೀತು.

ಇಷ್ಟೇ ಸಾಮಾನು ಸಾಕು ಅನ್ನೋ ಕಾರಣಕ್ಕೇ ನಾನು ಇದಕ್ಕೆ ಬಂದಿದ್ದು. ಆದ್ರೆ ಮೊನ್ನೆ ಬ್ಯಾಗ್ ತೂಕ ಹಾಕಿದ್ರೆ 5 ಕೆಜಿ 400 ಗ್ರಾಂ ಬಂತು. ನನ್ನ ಹತ್ರ ಕಾರಿಲ್ಲ, ಭಾನುವಾರ ಬೆಳಗ್ಗೆ ಟ್ರೈನಲ್ಲಿ ಒಕುತಾಮಾ ಸ್ಟೇಷನ್ನು, ಅಲ್ಲಿಂದ ಬಸ್ಸಲ್ಲಿ ತಬಯಾಮಾ ಇಲ್ಲಾ ಕೊಸುಗೆ ಕಡೆ, ಬಸ್ ತುಂಬಾ ಬೆಟ್ಟ ಹತ್ತೋಕೆ ಬರೋ ಹಿರಿಯರು, ಅವರ ಮಧ್ಯ ಈ ಮೂಟೆ ಇಟ್ಕೊಂಡು ನಿಲ್ಲಬೇಕು, ವಾಪಸ್ ಬರ್ತಾ ಒದ್ದೆ ಬೂಟಿನ ತೂಕ ಬೇರೆ. ಹೋದ ವಾರ ಬಂಡೆ ಇಳಿಯುವಾಗ ಎದೆ ಮೇಲಿನ ಚೀಲ ಅಡ್ಡ ಬಂದು ಕಾಲಿಡೋ ಜಾಗ ಕಾಣಲೇ ಇಲ್ಲ, ಜಾರಿದೆ, ಕೆಳಗೆ ಮೊಣಕಾಲುದ್ದ ನೀರಿತ್ತು ಅಂತ ಏನೂ ಆಗ್ಲಿಲ್ಲ. ಅವತ್ತೇ ಡಿಸೈಡ್ ಮಾಡ್ದೆ ಇದನ್ನ ಇಳಿಸಬೇಕು ಅಂತ.

ಒಳಗೆ ಇರೋದು: 3.6 ಮೀಟರ್ ಮತ್ತು 4 ಮೀಟರ್ ರಾಡ್ ಎರಡು, ಲೈನು ನಾಲ್ಕು, ಟಿಪ್ಪೆಟ್ (ಲೈನಿಗೂ ಕೆಬಾರಿಗೂ ನಡುವೆ ಕಟ್ಟೋ ತೆಳು ದಾರ) ಮೂರು ಸ್ಪೂಲ್, ಮೂರು ಡಬ್ಬಿ ತುಂಬಾ ಕೆಬಾರಿ, ಬಲೆ, ಫೋರ್ಸೆಪ್ಸ್, ದಾರ ಕತ್ತರಿಸೋ ನಿಪ್ಪರ್, ವೇಡರ್ (ನೀರು ಒಳಗೆ ಬರದ ಉದ್ದ ಪ್ಯಾಂಟು), ಬೂಟು, ಮಳೆ ಜಾಕೆಟ್, ಫಸ್ಟ್ ಏಡ್, ಸ್ಟೌವ್, ಕಾಫಿ ಸಾಮಾನು, ಕ್ಯಾಮೆರಾ, ಒಂದೂವರೆ ಲೀಟರ್ ನೀರು, ಊಟ. ಏನು ತೆಗೀಲಿ? ಉಳಿದಿದ್ದನ್ನ ಯಾವ ಜೇಬಲ್ಲಿ ಹೇಗೆ ಜೋಡಿಸ್ಕೋತೀರಾ ಅದನ್ನೂ ಹೇಳಿ.

ನಾಗಾರಾ_ತೀರ
ಮೊದಲು ಆ ವೇಡರ್ ತೆಗೀರಿ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ಮಟ್ಟಿಗೆ ಅದು ಬೇಡವೇ ಬೇಡ. ನಾನು ನಗೋಯಾದಲ್ಲಿರೋದು, ಗುಜೋ ಕಡೆ ಅಮಾಗೋ ಮೀನು ಹಿಡಿಲಿಕ್ಕೆ ಹೋಗ್ತೇನೆ. ಬೇಗ ಒಣಗುವ ಪ್ಯಾಂಟು, ನಿಯೋಪ್ರೀನ್ ಸಾಕ್ಸು, ಮೊಣಕಾಲಿಂದ ಕೆಳಗೆ ನಿಯೋಪ್ರೀನ್ ಗೇಟರು, ಅಡಿಭಾಗಕ್ಕೆ ಫೆಲ್ಟ್ (ದಪ್ಪ ಉಣ್ಣೆಯಂಥ ಬಟ್ಟೆ) ಇರುವ ಶೂ. ಇಲ್ಲಿ ತೊರೆ ಹತ್ತುವವರೆಲ್ಲ ಹೀಗೇ ಹೋಗುವುದು. ನೀರೊಳಗೆ ಇಳಿದ ಮೇಲೆ ಒದ್ದೆಯಾದ್ರೆ ಎಂತ, ನಡೀತಾ ಇದ್ರೆ ಬೆಚ್ಚಗೇ ಇರ್ತದೆ.

ಎರಡನೇದು ರಾಡ್. ನಿಮ್ಮ 3.6 ಒಂದು ಸಾಕು. ಮೂರನೇದು ಕೆಬಾರಿ. ಮೂರು ಡಬ್ಬಿ ಎಂತಕ್ಕೆ? ತೆಂಕಾರಾದ ಹೆಸರಾಂತ ಗುರು ಇಶಿಗಾಕಿ ಹಿಸಾವೊ ಅವರು ಒಂದೇ ಮಾದರಿ ಕೆಬಾರಿ ಇಟ್ಕೊಂಡು ಹಿಡಿಯುವವರು. 2009ರಲ್ಲಿ ಅಮೆರಿಕಕ್ಕೆ ಹೋಗಿ ತೆಂಕಾರಾ ತೋರಿಸಿಕೊಟ್ಟಾಗಲೂ ಅದನ್ನೇ ಹೇಳಿದ್ದು. ಯಾವ ಕೆಬಾರಿ ಅಂತ ಯೋಚನೆ ಮಾಡುವ ಟೈಮಲ್ಲಿ ಕೆಬಾರಿ ನೀರಲ್ಲಿ ಇದ್ರೆ ಆಯ್ತು.

ಹೊಳೆದಂಡೆ_ತೀರ್ಥಹಳ್ಳಿ
ಚಿಕ್ಕವರಿದ್ದಾಗ ನಮ್ಮ ಹತ್ರ ಇದ್ದಿದ್ದು ಬಿದಿರು ಕೋಲು, ನೈಲಾನ್ ದಾರ, ಒಂದು ಗಾಳ, ತೆಂಗಿನ ಚಿಪ್ಪಲ್ಲಿ ಎರೆಹುಳ. ಚಡ್ಡಿ ಜೇಬಲ್ಲಿ ಇನ್ನೊಂದು ಗಾಳ, ಅದನ್ನ ಬೆಂಕಿಪೊಟ್ಟಣದಲ್ಲಿ ಇಟ್ಕೋತಿದ್ವಿ. ಒಟ್ಟು ಸಾಮಾನೇ ಅಷ್ಟು ಮಾರಾಯ. ನೀವು ಹೇಳೋದು ಕೇಳಿದ್ರೆ ಜಪಾನಿನವರು ಮಾಡೋದೂ ಹೆಚ್ಚುಕಮ್ಮಿ ಅದೇ ಅನ್ಸುತ್ತೆ, ಹುಳದ ಬದಲು ಗರಿ.

ಒಕುತಾಮಾ_ಪ್ಯಾಸೆಂಜರ್
@ಹೊಳೆದಂಡೆ_ತೀರ್ಥಹಳ್ಳಿ ನಿಜ ಸಾರ್, ಹಿಂದೆ ಇಲ್ಲೂ ಬಿದಿರು ಕೋಲೇ. ಶೋಕುರ್ಯೋಶಿ ಅಂತ ಇದ್ರು, ಬೆಟ್ಟದಲ್ಲಿ ಮೀನು ಹಿಡಿದು ಹೋಟೆಲು, ಬಿಸಿನೀರಿನ ಬುಗ್ಗೆ ಇರೋ ಊರುಗಳಿಗೆ ಮಾರಿ ಬದುಕ್ತಿದ್ದ ಜನ. ದಿನವಿಡೀ ನಡೀಬೇಕು, ಹಿಡಿದಷ್ಟೇ ಸಂಪಾದನೆ, ಅದಕ್ಕೇ ಸಾಮಾನು ಕಮ್ಮಿ.

ಧಾರವಾಡ್_ಟು_ನಗಾನೊ
ನಾಗಾರಾ ಅವ್ರ ಹೇಳಿದ್ದು ಖರೇ ಅದ, ಆದ್ರ ಬರೇ ತೆಗೀರಿ ತೆಗೀರಿ ಅಂದ್ರ ಹೆಂಗ್ರೀ, ಜೋಡಸೂದು ಹೆಂಗ ಅಂತ ಕೇಳ್ಯಾರ. ನಾ ಹೇಳ್ತೀನಿ ನೋಡ್ರಿ.

ಲೈನಿಂದ ಶುರು ಮಾಡ್ತೀನಿ, ಯಾಕಂದ್ರ ಎಲ್ಲಾ ರಗಳೆ ಆಗೂದು ಅಲ್ಲೇ. ಫ್ಲೋರೋಕಾರ್ಬನ್ ಲೆವೆಲ್ ಲೈನ್ (ಉದ್ದಕ್ಕೂ ಒಂದ ದಪ್ಪ ಇರೂದು) ಸಣ್ಣ ರೀಲಿಗೆ ಸುತ್ತಿದ್ರ ಸ್ಪ್ರಿಂಗಿನಂಗ ಸುರುಳಿ ಕೂತ್ ಬಿಡ್ತದ, ಆಮ್ಯಾಲ ಕೆಬಾರಿ ನೀವು ಒಗದಲ್ಲಿ ಬೀಳಂಗಿಲ್ಲ. ಅದಕ್ಕ ಅಗಲ ಸ್ಪೂಲ್ ಬೇಕು, ಏಳೆಂಟು ಸೆಂಟಿಮೀಟರ್ ಅಡ್ಡಗಲ ಇರೂದು. ನಾ ನೂರು ಯೆನ್ ಅಂಗಡಿಯೊಳಗ ಗಟ್ಟಿ ಫೋಮ್ ಶೀಟ್ ತಂದು ದುಂಡಗ ಕತ್ತರಿಸಿ, ಅಂಚಿಗೆ ಬ್ಲೇಡಿಂದ ಸಣ್ಣ ಸೀಳು ಮಾಡಿ ಲೈನಿನ ತುದಿ ಅದ್ರಾಗ ಸಿಗಸ್ತೀನಿ. ತೂಕ ಇಲ್ಲ, ನೀರಾಗ ಬಿದ್ರ ತೇಲ್ತದ. ಮ್ಯಾಲ ಮಾರ್ಕರಿಂದ ಬರೀರಿ, 3.5 ನಂಬರ್, 4 ಮೀಟರ್ ಅಂತ. ಬರೀದಿದ್ರ ಹೊಳ್ಯಾಗ ನಿಂತು ಎರಡೂ ಕೈಯಾಗ ಹಿಡಕೊಂಡು ಯಾವ್ದು ದಪ್ಪ ಅಂತ ನೋಡಬೇಕಾಗ್ತದ. ಕಟ್ಟೂಕಿಂತ ಮೊದಲು ಎರಡೂ ಕೈಲೆ ಜಗ್ಗಿ ಒಂದೀಟು ನೇರ ಮಾಡ್ರಿ.

ನಾಲ್ಕು ಲೈನ್ ಬ್ಯಾಡ, ಎರಡು ಸಾಕು. 3.5 ದಿನಾ ಹಾಕೂದು, 4 ಗಾಳಿ ಬಿಟ್ಟಾಗ. ಟಿಪ್ಪೆಟ್ ಒಂದೇ ಸ್ಪೂಲ್, 0.8 ನಂಬರ್, ಅಂದ್ರ ಸುಮಾರು 0.15 ಮಿ.ಮೀ. ಒಂದು ಮೀಟರ್ ಕಟ್ರಿ. ಸ್ಪೂಲಿಗೆ ರಬ್ಬರ್ ಬ್ಯಾಂಡ್ ಹಾಕ್ರಿ, ಇಲ್ಲಾಂದ್ರ ಜೇಬಿನ್ಯಾಗ ಬಿಚ್ಚಿ ಗೂಡಾಗ್ತದ.

ಕೊಲೊರಾಡೊ_ಅಕ್ಕ
ಮೇಲೆ ಫೆಲ್ಟ್ ಶೂ ಅಂದ್ರಲ್ಲ, ಅಮೆರಿಕದಲ್ಲಿ ಇರೋರು ದಯವಿಟ್ಟು ಹಾಗೇ ತಗೋಬೇಡಿ. ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕಲ್ಲಿ 2018ರಿಂದ ಫೆಲ್ಟ್ ಅಡಿ ನಿಷೇಧ, ಒಂದು ಹೊಳೆಯ ಪಾಚಿ, ಹುಳ ಇನ್ನೊಂದಕ್ಕೆ ಅಂಟ್ಕೊಂಡು ಹೋಗುತ್ತೆ ಅಂತ. ಅಲ್ಲಿ ಕೊಕ್ಕೆಗೆ ಮುಳ್ಳೂ ಇರಬಾರದು, ಫೋರ್ಸೆಪ್ಸಿಂದ ಒತ್ತಿ ಚಪ್ಪಟೆ ಮಾಡ್ಕೊಳ್ಳಿ. ಹೋಗೋ ಜಾಗದ ನಿಯಮ ಮೊದಲು ನೋಡ್ಕೊಂಡು ಆಮೇಲೆ ಶೂ ಕೊಳ್ಳಿ.

ಇನ್ನೊಂದು, ಮಳೆ ಜಾಕೆಟ್, ಫಸ್ಟ್ ಏಡ್ ಇವನ್ನ ಮಾತ್ರ ತೂಕದ ಲೆಕ್ಕಕ್ಕೆ ತಗೋಬೇಡಿ. ನಾನು ಒಂದ್ಸಲ ಜುಲೈನಲ್ಲಿ 3000 ಮೀಟರ್ ಮೇಲಿನ ಒಂದು ಕೆರೆಗೆ ಸೊಂಟದ ಚೀಲ ಮಾತ್ರ ಹಾಕ್ಕೊಂಡು ಹೋಗಿದ್ದೆ, ಬೆಳಗ್ಗೆ ಆಕಾಶ ಅಷ್ಟು ಚೆನ್ನಾಗಿತ್ತು. ಮಧ್ಯಾಹ್ನ ಗುಡುಗು, ಆಲಿಕಲ್ಲು. ಕಾಟನ್ ಶರ್ಟು ಮೈಗೆ ಅಂಟ್ಕೊಂಡು ಕೈ ಎಷ್ಟು ನಡುಗ್ತಿತ್ತು ಅಂದ್ರೆ ರಾಡ್ ಮಡಚೋಕೂ ಆಗ್ಲಿಲ್ಲ. ನಮ್ಮೆಜಮಾನ್ರು ಅವರ ಜಾಕೆಟ್ ಬಿಚ್ಚಿ ಕೊಟ್ರು, ಆಮೇಲೆ ಅವರು ನಡುಗಿದ್ರು. ಆವತ್ತು ಬಿಟ್ಟು ಹೋಗಿದ್ದ ಜಾಕೆಟ್ಟಿನ ತೂಕ 250 ಗ್ರಾಂ.

ನಾಗಾರಾ_ತೀರ
ಅಕ್ಕ ಹೇಳಿದ್ದು ಸರಿ, ನಾನು ಜಪಾನಿಗೆ ಮಾತ್ರ ಹೇಳಿದ್ದು. ಮತ್ತೆ ಗುಡುಗು ಬಂದ್ರೆ ಮೊದಲು ರಾಡ್ ಮಡಚಿ ಕೆಳಗಿಡಿ, ಕಾರ್ಬನ್ ಅದು, ವಿದ್ಯುತ್ ಹರೀತದೆ. ಕರೆಂಟ್ ಲೈನ್ ಕೆಳಗೂ ಅಷ್ಟೇ.

ಬೆಂಗ್ಳೂರ್_ಟ್ರೌಟ್
ಒಂದೇ ಕೆಬಾರಿ ಥಿಯರಿ ನಾನು ಒಪ್ಪಲ್ಲ ಗುರು. ಹಿಮಾಚಲದ ತೀರ್ಥನ್ ಕಣಿವೆಗೆ ವರ್ಷಕ್ಕೊಂದ್ಸಲ ತೆಂಕಾರಾ ರಾಡ್ ತಗೊಂಡು ಹೋಗ್ತೀನಿ, ಬ್ರಿಟಿಷರು ತಂದು ಬಿಟ್ಟ ಬ್ರೌನ್ ಟ್ರೌಟ್ ಅಲ್ಲಿರೋದು. ಮೇಲ್ಮೈಯಲ್ಲಿ ತಿಂತಿದ್ರೆ ಸಕಾಸಾ ಕೆಬಾರಿ (ಗರಿ ಮುಂದಕ್ಕೆ ಬಾಗಿರೋದು) ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ನೀರು ಜೋರಾಗಿದ್ದಾಗ ಮೀನು ತಳದಲ್ಲಿ ಕೂತಿರುತ್ತೆ, ತೂಕದ ಮಣಿ ಹಾಕಿದ ಫ್ಲೈ ಇಲ್ದೆ ಬೆಳಗಿಂದ ಸಂಜೆ ತನಕ ಒಂದೂ ಸಿಗಲ್ಲ. ಖಾಲಿ ಕೈಲಿ ಬರೋಕೆ ಅಷ್ಟು ದೂರ ಹೋಗ್ಬೇಕಾ?

ನಾಗಾರಾ_ತೀರ
ಮಣಿ ಹಾಕಿದ್ರೆ ಅದು ತೆಂಕಾರಾ ಹೇಗೆ ಆಗ್ತದೆ? ಕೆಬಾರಿಯನ್ನು ನೀರಿನ ಒಳಗೆ ಇಳಿಸುವ ಕ್ರಮ ಉಂಟು. ಬಂಡೆ ಹಿಂದಿನ ಸುಳಿಗೆ, ಇಲ್ಲಾ ಸಣ್ಣ ಧುಮುಕಿಗೆ ಹಾಕಿದ್ರೆ ನೀರೇ ಅದನ್ನು ಎಳ್ಕೊಂಡು ಕೆಳಗೆ ಹೋಗ್ತದೆ. ಕೈ ಕಲಿಯಬೇಕಾದಲ್ಲಿ ಸಾಮಾನು ತಂದ್ರೆ ಡಬ್ಬಿ ಮೂರಾಗದೆ ಇನ್ನೆಂತ ಆಗ್ತದೆ?

ಬೆಂಗ್ಳೂರ್_ಟ್ರೌಟ್
ವರ್ಷಕ್ಕೆ ನಲವತ್ತು ದಿನ ಹೊಳೇಲಿ ಇರೋರಿಗೆ ಕೈ ಕಲಿಯುತ್ತೆ. ನಂಗೆ ಸಿಗೋದು ನಾಲ್ಕು ದಿನ. ನಾಲ್ಕು ಮಣಿ ಫ್ಲೈ ತೂಕ ಎಷ್ಟು, ಒಂದು ಗ್ರಾಂ?

ಧಾರವಾಡ್_ಟು_ನಗಾನೊ
ಇಬ್ರೂ ಸಮಾಧಾನ ಮಾಡ್ಕೋರಿ. ಹನ್ನೆರಡು ಕೆಬಾರಿ ಇಡ್ರಿ: ಎಂಟು ನೀವು ನಂಬೂದು, ಎರಡು ಕಪ್ಪು, ಎರಡು ಭಾರದ್ದು. ಪೆಪ್ಪರ್‌ಮಿಂಟ್ ಬರೂ ತಗಡಿನ ಡಬ್ಬಿ ಸಾಕು, ಒಳಗ ತೆಳು ಫೋಮ್ ಅಂಟಸ್ರಿ. ಒಂದ ಮಾತು, ಮನೀಗೆ ಬಂದ ಮ್ಯಾಲ ಡಬ್ಬಿ ತೆರದಿಡ್ರಿ, ಒದ್ದಿ ಕೆಬಾರಿ ಮುಚ್ಚಿಟ್ರ ವಾರದಾಗ ಕೊಕ್ಕಿಗೆ ತುಕ್ಕು.

ಹಾಸನ_ಹುಡ್ಗಿ_ಸಪ್ಪೊರೊ
ಕಾಫಿ ಸಾಮಾನು ತೆಗೀರಿ ಅಂತ ಯಾರೂ ಹೇಳ್ಲಿಲ್ಲ ಅಂತ ಖುಷಿ ಆಯ್ತು 🙂 ಆದ್ರೆ ಸ್ಟೌವ್ ಬೇಡ, ಮನೇಲೇ ಫಿಲ್ಟರ್ ಕಾಫಿ ಮಾಡಿ 350 ಎಂಎಲ್ ಫ್ಲಾಸ್ಕಲ್ಲಿ ತಗೊಂಡ್ ಹೋಗಿ. ನಾನು ಅದೇ ಮಾಡೋದು.

ನೀರಿನ ವಿಷ್ಯಕ್ಕೆ ಒಂದು ಎಚ್ಚರಿಕೆ. ಹೊಕ್ಕೈಡೋದಲ್ಲಿ ತೊರೆ ನೀರು ಎಷ್ಟೇ ತಿಳಿಯಾಗಿದ್ರೂ ಹಾಗೇ ಕುಡೀಬೇಡಿ. ನರಿಗಳಿಂದ ಬರೋ ಎಖಿನೊಕಾಕಸ್ ಅನ್ನೋ ಹುಳದ ಮೊಟ್ಟೆ ಇರ್ಬಹುದು, ಅದು ಲಿವರ್‌ಗೆ ಹೋಗಿ ವರ್ಷಗಟ್ಲೆ ಗೊತ್ತಾಗ್ದೇ ಬೆಳೆಯುತ್ತೆ. ಇಲ್ಲಿಗೆ ಬರೋರು ನೀರಿನ ತೂಕ ಉಳಿಸೋಕೆ ಹೋಗ್ಬೇಡಿ, ಹೊತ್ಕೊಂಡು ಬನ್ನಿ ಇಲ್ಲಾ ಕುದಿಸಿ.

ಹೊಳೆದಂಡೆ_ತೀರ್ಥಹಳ್ಳಿ
ಊಟಕ್ಕೆ ಏನ್ ತಗೊಂಡು ಹೋಗ್ತೀರಿ ಅಲ್ಲಿ?

ಹಾಸನ_ಹುಡ್ಗಿ_ಸಪ್ಪೊರೊ
ಒನಿಗಿರಿ, ಅಂದ್ರೆ ಜಪಾನಿನ ಅನ್ನದ ಉಂಡೆ. ಇಲ್ಲಾ ಪುಳಿಯೋಗರೆನ ಉಂಡೆ ಕಟ್ಟಿ ಪ್ಲಾಸ್ಟಿಕ್ ಹಾಳೇಲಿ ಸುತ್ತೋದು, ಡಬ್ಬಿ ಬೇಡ ಚಮಚ ಬೇಡ, ಸಂಜೆ ತನಕ ಕೆಡಲ್ಲ. ಚಿತ್ರಾನ್ನ ಉದುರುತ್ತೆ, ಟ್ರೈ ಮಾಡಿ ಬಿಟ್ಟೆ.

ಧಾರವಾಡ್_ಟು_ನಗಾನೊ
ಚಪಾತಿಯೊಳಗ ಶೇಂಗಾ ಚಟ್ನಿಪುಡಿ, ಎಣ್ಣಿ ಹಚ್ಚಿ ಸುರುಳಿ ಸುತ್ರಿ. ಒಂದ ಕೈಲೆ ತಿನ್ಲಿಕ್ಕೆ ಬರ್ತದ, ಇನ್ನೊಂದ್ರಾಗ ರಾಡ್.

ಮೈಸೂರ್_ವೀಕ್ಷಕ
ನಾನು ಮೀನು ಹಿಡಿಯೋನಲ್ಲ, ಸುಮ್ನೆ ಓದ್ತಿದ್ದೆ. ಹಿಡಿದು ಬಿಟ್ಬಿಡೋದಾದ್ರೆ ಮೀನಿಗೆ ಯಾಕೆ ಅಷ್ಟು ಹಿಂಸೆ? ಬಲೆ ಯಾಕೆ ಹೊತ್ಕೊಂಡು ಹೋಗ್ಬೇಕು ಹಾಗಾದ್ರೆ?

ಒಕುತಾಮಾ_ಪ್ಯಾಸೆಂಜರ್
ಸಾರ್, ಪ್ರಶ್ನೆ ಸರಿಯಾಗಿದೆ, ನಂಗೂ ಅದು ಕಾಡುತ್ತೆ. ನಾನು ವರ್ಷಕ್ಕೆ ಒಂದೆರಡು ಮಾತ್ರ ಮನೆಗೆ ತರ್ತೀನಿ, ಇವಾನಾಗೆ ಉಪ್ಪು ಸವರಿ ಕಡ್ಡಿಗೆ ಚುಚ್ಚಿ ಸುಡೋದು. ಉಳಿದಿದ್ದು ಬಿಡೋದೇ. ಬಿಡೋದಾದ್ರೆ ಬಲೆ ಇದ್ರೇನೇ ಒಳ್ಳೇದು, ಮೀನು ಬಲೆಯೊಳಗೆ ನೀರಲ್ಲೇ ಇರುತ್ತೆ, ಕಲ್ಲಿನ ಮೇಲೆ ಒದ್ದಾಡಲ್ಲ. ಒಣಗಿದ ಕೈಲಿ ಮುಟ್ಟಬಾರದು, ಮೈಮೇಲಿನ ಲೋಳೆ ಹೋಗುತ್ತೆ, ಕೈ ಒದ್ದೆ ಮಾಡ್ಕೊಂಡು ಮುಟ್ಟಬೇಕು. ಮುಳ್ಳಿಲ್ಲದ ಕೊಕ್ಕೆ ಆದ್ರೆ ಮುಟ್ಟದೇನೂ ಬಿಡಿಸಬಹುದು. ಅದಕ್ಕೇ ಬಲೆ ಮಾತ್ರ ತೆಗೆಯಲ್ಲ ಅಂತಿದೀನಿ.

ನಾಗಾರಾ_ತೀರ
ಬಲೆ ಚೀಲಕ್ಕೆ ಹಾಕ್ಲೇಬೇಡಿ, ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿ. ಇಲ್ಲಿಯ ತಾಮೊ ಬಲೆಗಳ ಹಿಡಿ ಸ್ವಲ್ಪ ಬಾಗಿ ಇರುವುದು ಹಾಗೇ ಸಿಕ್ಕಿಸಿಕೊಳ್ಳಲಿಕ್ಕೆ. ಮರದ ಕೊಂಬೆಯನ್ನೇ ದುಂಡಗೆ ಬಗ್ಗಿಸಿ ಮಾಡಿದ್ದನ್ನು ಒಮ್ಮೆ ಕೈಲಿ ಹಿಡ್ಕೊಂಡು ನೋಡಿ, ಎಷ್ಟು ಚಂದ ಉಂಟು. ಪೊದೆಯಲ್ಲಿ ಸಿಕ್ಕಿಬಿದ್ರೆ ಕಳೆದುಹೋಗದ ಹಾಗೆ ಒಂದು ದಾರ ಕಟ್ಟಿ, ಅಷ್ಟೆ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಈ ರಾಡ್ ತಗೊಂಡು ಬಂದು ಕಾವೇರಿಲಿ ಮಹಶೀರ್ ಹಿಡೀಬಹುದಾ? ಮೀನಿಗೆ ಮೀನು, ಅನುಭವಕ್ಕೆ ಅನುಭವ.

ಬೆಂಗ್ಳೂರ್_ಟ್ರೌಟ್
ಬೇಡ ಗುರು. ಒಂದು, ತೆಂಕಾರಾದಲ್ಲಿ ಬಿಡೋಕೆ ಹೆಚ್ಚುವರಿ ಲೈನೇ ಇರಲ್ಲ, ದೊಡ್ಡ ಮೀನು ಓಡಿದ್ರೆ ಟಿಪ್ಪೆಟ್ ಕಿತ್ಕೊಂಡು ಬಾಯಲ್ಲಿ ಕೊಕ್ಕೆ ಇಟ್ಕೊಂಡೇ ಹೋಗುತ್ತೆ, ಇಲ್ಲಾ ರಾಡ್ ಮುರಿಯುತ್ತೆ. ಎರಡು, ಕಾವೇರಿಯ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಅಳಿವಿನಂಚಲ್ಲಿದೆ, ಅದಕ್ಕೆ ಟೋರ್ ರೇಮಾದೇವಿ ಅಂತ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ. ಅದರ ತಂಟೆಗೆ ಹೋಗೋದು ಬೇಡ.

ಹೊಳೆದಂಡೆ_ತೀರ್ಥಹಳ್ಳಿ
ಇದು ಮಾತ್ರ ನೂರಕ್ಕೆ ನೂರು ಸರಿ. ನಮ್ಮಲ್ಲಿ ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ಊರಿಗೆ ಊರೇ ಹೋಗ್ತಿತ್ತು, ಮೊಟ್ಟೆ ಇಡೋಕೆ ಹತ್ತೋ ಮೀನದು. ಈಗ ಹೊಳೇಲಿ ಹತ್ತೋಕೆ ಎಷ್ಟಿದಾವೆ ಅಂತ ನೋಡಿದ್ರೆ ಸಂಕಟ ಆಗುತ್ತೆ.

ನಾಗಾರಾ_ತೀರ
ಇಲ್ಲಿ ಅದಕ್ಕೇ ಹೆಚ್ಚಿನ ತೊರೆಗಳು ಸೆಪ್ಟೆಂಬರ್ ಕೊನೆಗೆ ಬಂದ್. ಇವಾನಾ, ಯಮಾಮೆ ಮೊಟ್ಟೆ ಇಡುವುದು ಅದಾದ ಮೇಲೆ. ಮತ್ತೆ ಮಾರ್ಚ್ ಹೊತ್ತಿಗೆ ತೆರೆಯುವುದು. ಹೆಚ್ಚಿನ ಹೊಳೆಗಳಿಗೆ ಮೀನುಗಾರರ ಸಂಘ ಉಂಟು, ಅಂಥಲ್ಲಿ ಅದರ ಚೀಟಿ ಕೊಳ್ಳಲೇಬೇಕು. ಚೀಟಿ ಎಲ್ಲಿ ಇಡ್ತೀರಿ ಅಂತ ಯಾರೂ ಹೇಳ್ಲಿಲ್ಲ ನೋಡಿ, ಹೊರಗೆ ಕಾಣುವ ಹಾಗೆ ಇರಬೇಕು. ನಾನು ಪಾರದರ್ಶಕ ಕವರಿನಲ್ಲಿ ಹಾಕಿ ಬೆನ್ನಿಗೆ ಪಿನ್ ಮಾಡ್ತೇನೆ.

ಕೊಡಗು_ಮಳೆ
ಯೊಕೊಹಾಮಾದಲ್ಲಿದ್ದೆ ಮೂರು ವರ್ಷ. ತಂಜಾವಾ ಬೆಟ್ಟದ ಕಡೆ ಹೋಗೋರು ಇಂಬಳ (ಜಿಗಣೆ) ಮರೀಬೇಡಿ, ಬೇಸಿಗೇಲಿ ನಮ್ಮ ಕೊಡಗಿನ ಥರಾನೇ ಎಲೆ ಅಡೀಲೆಲ್ಲ ಕೂತಿರ್ತವೆ. ಅಂಗಡೀಲಿ ಸ್ಪ್ರೇ ಬಾಟಲಿ ಮಾರ್ತಾರೆ, ನಾನು ಊರಿನ ಹಾಗೆ ತೆಳು ಬಟ್ಟೇಲಿ ಉಪ್ಪು ಗಂಟು ಕಟ್ಕೊಂಡು ಹೋಗ್ತಿದ್ದೆ. ಒದ್ದೆ ಮಾಡಿ ಸಾಕ್ಸ್ ಮೇಲೆ ಒರೆಸಿದ್ರೆ ಮುಗೀತು. 20 ಗ್ರಾಂ ತೂಕ.

ಹೊಳೆದಂಡೆ_ತೀರ್ಥಹಳ್ಳಿ
ಹೊಗೆಸೊಪ್ಪು ಇನ್ನೂ ವಾಸಿ.

ಕೊಡಗು_ಮಳೆ
ಹೊಗೆಸೊಪ್ಪಿನ ನೀರು ಕೈಗೆ ಆದ್ರೆ ಅದೇ ಕೈಲಿ ಮೀನು ಮುಟ್ತೀವಲ್ಲಾ. ಉಪ್ಪೇ ಸಾಕು.

ದಾವಣಗೆರೆ_ಬೆಣ್ಣೆ
ರಾಡ್ ಮಡಚೋವಾಗ ತುದಿಯಿಂದ ಶುರು ಮಾಡ್ಬೇಕು ತಾನೆ? ನಂದು ಎರಡು ತುಂಡು ಸಿಕ್ಕಾಕ್ಕೊಂಡಿದೆ, ಬರ್ತಾನೇ ಇಲ್ಲ.

ಕೊಲೊರಾಡೊ_ಅಕ್ಕ
ಉಲ್ಟಾ ಅಣ್ಣ. ತೆಗೆಯೋವಾಗ ತೆಳು ತುದಿಯಿಂದ, ಮಡಚೋವಾಗ ಹಿಡಿ ಹತ್ರದ ದಪ್ಪ ತುಂಡಿಂದ. ಯಾವಾಗ್ಲೂ ನೇರವಾಗಿ ಒತ್ತಿ, ಅಡ್ಡ ಬಗ್ಗಿಸಿದ್ರೆ ಪಟ್ ಅನ್ನುತ್ತೆ. ಸಿಕ್ಕಾಕ್ಕೊಂಡಿದ್ದಕ್ಕೆ ಡಬ್ಬಿ ಮುಚ್ಚಳ ತೆಗೆಯೋಕೆ ಬಳಸೋ ಥರದ ತೆಳು ರಬ್ಬರ್ ಎರಡು ತುಂಡು ತಗೊಂಡು ಎರಡೂ ಕಡೆ ಹಿಡಿದು ತಿರುಗಿಸ್ತಾ ಒತ್ತಿ. ಆ ಎರಡು ತುಂಡು ರಬ್ಬರ್ ನನ್ನ ಚೀಲದಲ್ಲಿ ಯಾವಾಗ್ಲೂ ಇರುತ್ತೆ. ಮನೇಲಿ ಕೆಳಗಿನ ತಿರುಪು ಬಿಚ್ಚಿ ತುಂಡೆಲ್ಲ ಹೊರಗೆ ತೆಗೆದು ಒಣಗಿಸಿ, ಮರಳು ಉಳಿದ್ರೇನೇ ಹೀಗಾಗೋದು.

ಧಾರವಾಡ್_ಟು_ನಗಾನೊ
ತುದಿಯ ಲಿಲಿಯನ್ ಹುಷಾರ್ ರೀ. ಆ ಸಣ್ಣ ಹೆಣದ ದಾರಕ್ಕೇ ಲೈನ್ ಕಟ್ಟೂದು, ಅದನ್ನ ಹಿಡದು ಜಗ್ಗಿ ತುದಿ ಮುರಕೊಂಡವರನ್ನ ಭಾಳ ನೋಡೇನಿ. ಮತ್ತ ಮುಚ್ಚಳ ಕಳಕೋಬ್ಯಾಡ್ರಿ, ರಾಡ್ ತೆಗದ ಕೂಡ್ಲೇ ಅದು ಯಾವಾಗ್ಲೂ ಒಂದ ಜೇಬಿಗೇ ಹೋಗಬೇಕು, ಜಿಪ್ ಇದ್ದ ಜೇಬಿಗೆ.

ದಾವಣಗೆರೆ_ಬೆಣ್ಣೆ
ಬಂತು ಬಂತು! ಅಡುಗೆಮನೆ ಕೈಗ್ಲೌಸ್ ಕತ್ತರಿಸಿ ಹಿಡಿದೆ, ತಿರುಗಿಸ್ತಿದ್ದ ಹಾಗೇ ಜಾರಿಕೊಂಡು ಒಳಗೆ ಹೋಯ್ತು. ಥ್ಯಾಂಕ್ಸ್ ಅಕ್ಕ.

ಒಕುತಾಮಾ_ಪ್ಯಾಸೆಂಜರ್
ಅಪ್ಡೇಟ್ ಕೊಡ್ತೀನಿ. ನಿನ್ನೆ ಹೋಗಿ ಬಂದೆ. ಚೀಲ ಬಸ್ ಇಳಿದಾಗ 2 ಕೆಜಿ 300 ಗ್ರಾಂ, ನೀರು ಊಟ ಸೇರಿ, ಕಾಲಿಗೆ ಹಾಕಿದ್ದು ಬಿಟ್ಟು.

ಎದೆ ಚೀಲ ತೆಗೆದೇ ಬಿಟ್ಟೆ. ಸೊಂಟದ ಚೀಲ ಒಂದು, ಬೆನ್ನಿಗೆ 15 ಲೀಟರ್ ಬ್ಯಾಗ್ ಒಂದು. ಹೊಳೇಲಿ ಬೇಕಾಗೋದೆಲ್ಲ ಸೊಂಟಕ್ಕೆ, ತೊಂದ್ರೆ ಆದಾಗ ಬೇಕಾಗೋದೆಲ್ಲ ಬೆನ್ನಿಗೆ, ಹೀಗೆ ಭಾಗ ಮಾಡಿದ್ಮೇಲೆ ಎಲ್ಲಾ ಸಲೀಸಾಯ್ತು. ಸೊಂಟದಲ್ಲಿ ಬಲಗಡೆ ಕೆಬಾರಿ ಡಬ್ಬಿ, ಎಡಗಡೆ ಫೋಮ್ ಸ್ಪೂಲ್ ಎರಡು, ಟಿಪ್ಪೆಟ್. ನಿಪ್ಪರ್ರು ಫೋರ್ಸೆಪ್ಸು ಕುತ್ತಿಗೆಯ ದಾರಕ್ಕೆ, ಶರ್ಟ್ ಒಳಗೆ ಹಾಕ್ಕೊಂಡೆ, ಹೊರಗಿದ್ರೆ ಲೈನ್ ಸಿಕ್ಕಾಕ್ಕೊಳ್ಳುತ್ತೆ. ಬೆನ್ನಲ್ಲಿ ಜಾಕೆಟ್, ಫಸ್ಟ್ ಏಡ್, ಹೆಡ್‌ಲೈಟ್, ಸೀಟಿ, ನೀರು ಹೋಗದ ಕವರಲ್ಲಿ ಫೋನು, ಕಾಫಿ ಫ್ಲಾಸ್ಕ್, ಪುಳಿಯೋಗರೆ. ಕರಡಿ ಗಂಟೆ ಹೊರಗೆ ನೇತಾಡ್ತಿತ್ತು, ಅದರ ಬಗ್ಗೆ ಎರಡು ಮಾತಿಲ್ಲ. ಮನೇಲಿ ಯಾವ ತೊರೆ, ಎಷ್ಟು ಗಂಟೆ ಬಸ್ಸಿಗೆ ವಾಪಸ್ ಅಂತ ಬರೆದಿಟ್ಟು ಹೋದೆ.

ಒಂದು ತೊರೆ ತಿರುವಲ್ಲಿ ಮರದ ಕೊಂಬೆಗೆ ಲೈನ್ ಸುತ್ಕೊಂಡು ಅರ್ಧ ಅಲ್ಲೇ ಹೋಯ್ತು, ಎರಡನೇ ಲೈನ್ ಇಟ್ಕೊಂಡಿದ್ದಕ್ಕೆ ಧಾರವಾಡ ಅವ್ರಿಗೆ ದೊಡ್ಡ ನಮಸ್ಕಾರ. ಹನ್ನೆರಡು ಕೆಬಾರೀಲಿ ಬಳಸಿದ್ದು ಮೂರು. ಇವಾನಾ ನಾಲ್ಕು ಸಿಕ್ತು, ದೊಡ್ಡದು 24 ಸೆಂ.ಮೀ., ಎಲ್ಲಾ ಬಿಟ್ಟೆ. ಬೆಂಗ್ಳೂರ್_ಟ್ರೌಟ್, ಒಂದು ಬಂದಿದ್ದು ಮಣಿ ಹಾಕಿದ್ದಕ್ಕೇ.

ಬೆಂಗ್ಳೂರ್_ಟ್ರೌಟ್
ಹೇಳ್ದೆ ಅಲ್ವಾ!

ನಾಗಾರಾ_ತೀರ
ಮೂರು ಬಂದದ್ದು ಮಣಿ ಇಲ್ಲದ್ದಕ್ಕೆ, ಅದನ್ನೂ ಬರ್ಕೊಳ್ಳಿ. ಏನಾದ್ರೂ ಕಮ್ಮಿ ಬಿತ್ತಾ?

ಒಕುತಾಮಾ_ಪ್ಯಾಸೆಂಜರ್
ಒಣ ಸಾಕ್ಸು. ಎರಡು ಗಂಟೆ ಟ್ರೈನಲ್ಲಿ ಒದ್ದೆ ಕಾಲು. ಮುಂದಿನ ಸಲ ಒಂದು ಜೊತೆ ಸಾಕ್ಸು, ತೆಳು ಚಪ್ಪಲಿ, ಶೂ ಹಾಕೋಕೆ ಗಟ್ಟಿ ಪ್ಲಾಸ್ಟಿಕ್ ಚೀಲ. 300 ಗ್ರಾಂ ಜಾಸ್ತಿ ಆಗುತ್ತೆ, ಆಗ್ಲಿ.

ಹೊಳೆದಂಡೆ_ತೀರ್ಥಹಳ್ಳಿ
ಮಗಳು ಟೋಕಿಯೋದಲ್ಲಿ ಕೆಲ್ಸಕ್ಕೆ ಸೇರಿದಾಳೆ, ಬರೋ ಏಪ್ರಿಲ್ಲಿಗೆ ನಾನೂ ಮನೆಯವ್ರೂ ಬರ್ತಿದೀವಿ. ಒಂದಿನ ನಿಮ್ಮ ಜೊತೆ ಆ ಬಸ್ಸಿಗೆ ಬರಬಹುದಾ? ನಾನು ಏನು ತರಬೇಕು?

ಒಕುತಾಮಾ_ಪ್ಯಾಸೆಂಜರ್
ಖಂಡಿತ ಬನ್ನಿ ಸಾರ್. ಏಪ್ರಿಲ್ಲಲ್ಲಿ ನೀರು ಬಹಳ ತಣ್ಣಗಿರುತ್ತೆ, ನನ್ನ ವೇಡರ್ ಮನೇಲಿ ಸುಮ್ನೆ ಕೂತಿದೆ, ಅದು ನಿಮಗೆ. 4 ಮೀಟರ್ ರಾಡೂ ನಿಮಗೇ. ದಿನದ ಚೀಟಿ ಹೋಗ್ತಾ ತಗೊಳ್ಳೋಣ. ಶೂ ನಂಬರ್ ಒಂದು ಮೆಸೇಜ್ ಮಾಡಿ, ಚಕ್ಕುಲಿ ಇದ್ರೆ ತನ್ನಿ.